ಸಾಮಾನು ಕಾಯುವವಳು

ಅವ್ವನಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಾದದ್ದು ಬಾರ್ಬಡೋಸಿನಲ್ಲಿ, ಆಕೆ ಅಪ್ಪನನ್ನು ಉಪವಾಸ ಕೆಡವಿದ ದಿನ. ಎರಡೂ ಒಂದೇ ಮಧ್ಯಾಹ್ನ ನಡೆದವು.

ಅಲ್ಲಿಯವರೆಗೆ ಅವ್ವನ ಜಾಗ ಟವೆಲ್ಲಿನ ಮೇಲಿತ್ತು. ಮ್ಯಾನ್ಲಿ ಇರಲಿ, ಗೋಲ್ಡ್ ಕೋಸ್ಟ್ ಇರಲಿ, ಫಿಜಿ ಇರಲಿ, ಅಪ್ಪ, ಅಣ್ಣ, ನಾನು ಮೂವರೂ ನೀರಿಗಿಳಿಯುತ್ತಿದ್ದೆವು. ಆಕೆ ಚಪ್ಪಲಿ, ಫೋನು, ಕಾರಿನ ಕೀಲಿ, ಚಿಪ್ಸ್ ಪೊಟ್ಟಣಗಳ ನಡುವೆ ತಲೆಯ ಮೇಲೆ ದುಪಟ್ಟಾ ಹೊದ್ದು ಕೂರುತ್ತಿದ್ದಳು. ನಮ್ಮ ಆಲ್ಬಮ್ಮಿನಲ್ಲಿ ಅಷ್ಟೂ ಸಮುದ್ರಗಳಿವೆ. ಅವ್ವ ಇಲ್ಲ. ಕೆಲವು ಫೋಟೋಗಳ ಅಂಚಿಗೆ, ಮರಳಿನ ಮೇಲೆ, ಕ್ಯಾಮೆರಾ ಹಿಡಿದವಳ ನೆರಳು ಬಿದ್ದಿದೆ.

ಸಾಮಾನು ಕಾಯುವುದರಲ್ಲಿ ಆಕೆ ಒಂದು ಸಲ ಸೋತಿದ್ದಳು. ಹಾಗೆಂದು ನಮ್ಮ ಮನೆತನದವರೆಲ್ಲ ನಂಬಿದ್ದರು. ಆಕೆಯೂ ನಂಬಿದ್ದಳು.

ನಾನಾಗ ಸಣ್ಣವಳು, ಸಿಡ್ನಿಗೆ ಬಂದ ಹೊಸತು. ಮ್ಯಾನ್ಲಿಯಲ್ಲಿ ಅಪ್ಪ ನೀರಿಗಿಳಿಯುವ ಮುನ್ನ ಕೊರಳಿನ ಲಿಂಗವನ್ನು ಬಿಚ್ಚಿ ಬ್ಯಾಗಿನೊಳಗಿಟ್ಟ. ಮೈಮೇಲಿನ ಲಿಂಗವನ್ನು ಬಿಚ್ಚಬಾರದು. ಅಜ್ಜಿಯನ್ನು ಕೇಳಿದ್ದರೆ, ಲಿಂಗ ಕಳೆದುಕೊಂಡವರು ಹಿಂದೆಲ್ಲ ಜೀವವನ್ನೇ ಬಿಡುತ್ತಿದ್ದರು ಎನ್ನುತ್ತಿದ್ದಳು. ಅಪ್ಪ ಎಂಜಿನಿಯರ್, ಅಷ್ಟೆಲ್ಲ ಯೋಚಿಸಲಿಲ್ಲ. ಅಲೆಗೆ ಶಿವದಾರ ಹರಿದು ಲಿಂಗವಿದ್ದ ಬೆಳ್ಳಿಯ ಕರಡಿಗೆ ನೀರುಪಾಲಾದೀತು ಎಂದಷ್ಟೇ ಅವನ ಲೆಕ್ಕ. ನನ್ನ ಕಣ್ಣಿಗೆ ಮರಳು ಹೊಕ್ಕಿತು. ಅವ್ವ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು ಕಣ್ಣು ತೊಳೆಸಿ ಬಂದಳು. ಸ್ವಲ್ಪ ಹೊತ್ತಿಗೆ ಬ್ಯಾಗ್ ಇಲ್ಲ ಎಂದು ಗೊತ್ತಾಯಿತು.

"ಎದ್ದು ಹೋಗಿದ್ದೇನು?" ಎಂದ ಅಪ್ಪ.

ಆಕೆ ಹೌದು ಎಂದಳು. ಅಷ್ಟೇ ವಿಚಾರಣೆ.

ಮನೆಗೆ ಬಂದು ಅಪ್ಪ ಧಾರವಾಡಕ್ಕೆ ಫೋನು ಹಚ್ಚಿ, ರಿಸೀವರ್ ಅನ್ನು ಅವ್ವನ ಕೈಗೆ ಕೊಟ್ಟ. "ನೀನ ಹೇಳು." ಅವ್ವ ಹೇಳಿದಳು: "ನನ್ನ ಕೈಯಾಗ ಹೋತ್ರಿ, ಅತ್ತೀ." ಅಜ್ಜಿ ಆಮೇಲೆ ಸಾಯುವವರೆಗೂ ಅವ್ವನ ಕೈಯಿಂದ ನೀರು ಮುಟ್ಟಲಿಲ್ಲ. ನಾವು ಊರಿಗೆ ಹೋದಾಗ ಅವ್ವ ತುಂಬಿಟ್ಟ ತಂಬಿಗೆಯನ್ನು ಚೆಲ್ಲಿಸಿ ಶ್ರೀದೇವಿ ಅತ್ತೆಯ ಕೈಲಿ ಮತ್ತೆ ತುಂಬಿಸುತ್ತಿದ್ದಳು. ಅಪ್ಪನ ಅಕ್ಕ ಈ ಅತ್ತೆ. ಬೀಗರು ನೆರೆದ ಕಡೆಯಲ್ಲೆಲ್ಲ ಅವ್ವನನ್ನು ತೋರಿಸಿ "ಗಂಡನ ಲಿಂಗ ಕಳದಾಕಿ ಈಕಿನ ನೋಡ್ರಿ" ಎನ್ನುತ್ತಿದ್ದವಳು. ಅಪ್ಪನಿಗೆ ಮಠದ ಸ್ವಾಮಿಗಳು ಬೇರೆ ಲಿಂಗ ಕಟ್ಟಿದರು. ಅವನ ವಿಷಯ ಅಲ್ಲಿಗೆ ಮುಗಿಯಿತು.

ಹೋದ ವರ್ಷ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮೂರ್ತಿ ಅಂಕಲ್ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಮೈಸೂರಿನವರು, ಅಪ್ಪನ ಮೊದಲ ಸಹೋದ್ಯೋಗಿ, ಆವತ್ತು ಮ್ಯಾನ್ಲಿಗೆ ನಮ್ಮ ಜೊತೆ ಬಂದವರು. ಅವ್ವನ ತಟ್ಟೆಗೆ ಪುಳಿಯೋಗರೆ ಬಡಿಸುತ್ತ ನಕ್ಕರು.

"ನಿಮ್ಮ ಯಜಮಾನ್ರ ಮರೆವು ಈಗಲೂ ಹಾಗೇ ಇದೆಯಾ ಅನ್ನಪೂರ್ಣಾ ಅವರೇ? ಆವತ್ತು ನೀವು ಮಗಳ ಕಣ್ಣು ತೊಳೆಸೋಕೆ ಹೋಗಿದ್ದಾಗ ಬ್ಯಾಗ್ ತಗೊಂಡು ಹೋಗಿ, ಬಟ್ಟೆ ಬದಲಾಯಿಸೋ ರೂಮಲ್ಲಿ ನೇತುಹಾಕಿ ಹಾಗೇ ಬಂದುಬಿಟ್ರಲ್ಲ! ನಾವಿಬ್ಬರೂ ವಾಪಸ್ ಓಡಿದ್ವಿ. ಅಷ್ಟರಲ್ಲಿ ಯಾವನೋ ಎತ್ಕೊಂಡು ಹೋಗಿದ್ದ. ಪಾಪ, ಅದರಲ್ಲಿ ದೇವರೂ ಇತ್ತಂತಲ್ಲ?"

"ಹೌದ್ರಿ, ಇತ್ತು," ಎಂದಳು ಅವ್ವ. ಪುಳಿಯೋಗರೆಯನ್ನು ಒಂದಗಳೂ ಬಿಡದೆ ತಿಂದಳು. ಇನ್ನೊಂದು ಸಲ ಹಾಕಿಸಿಕೊಂಡಳು.

ಅಪ್ಪನನ್ನು ಏನೂ ಕೇಳಲಿಲ್ಲ. ನನಗೂ ಅಣ್ಣ ವಿರೂಪಾಕ್ಷನಿಗೂ ಆಗ ಹೇಳಲಿಲ್ಲ; ಇದೆಲ್ಲ ನನಗೆ ಗೊತ್ತಾದದ್ದು ಬಹಳ ಆಮೇಲೆ. ಅಪ್ಪನ ಅರವತ್ತಕ್ಕೆ ಎಲ್ಲಿಗಾದರೂ ಹೋಗೋಣವೆಂಬ ಮಾತು ಬಂದಾಗ, ಯಾವತ್ತೂ ಅಭಿಪ್ರಾಯ ಹೇಳದವಳು ಹೇಳಿದಳು: "ಸಮುದ್ರ ಇರೋ ಕಡೆ ಹೋಗೂಣು."

ಸಮುದ್ರ ಎಂದಾಗ ಅಪ್ಪನ ಬಾಯಿಗೆ ಬಂದದ್ದು ವೆಸ್ಟ್ ಇಂಡೀಸ್. ಹುಡುಗನಾಗಿದ್ದಾಗಿನಿಂದ ಆ ದ್ವೀಪಗಳ ಹೆಸರುಗಳನ್ನು ರೇಡಿಯೋದ ಕಾಮೆಂಟರಿಯಲ್ಲಿ ಕೇಳುತ್ತ ಬೆಳೆದವನು. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಣ್ಣ ಟಿಕೆಟ್ ಬುಕ್ ಮಾಡಿದ. ನನ್ನ ಮದುವೆಯ ಸುದ್ದಿ ತೆಗೆಯಬಾರದು ಎಂಬ ಕರಾರಿನ ಮೇಲೆ ನಾನು ಮೆಲ್ಬರ್ನಿನಿಂದ, ಕ್ಲೈಡ್ ನಾರ್ತ್‌ನ ನನ್ನ ಮನೆಗೆ ಬೀಗ ಹಾಕಿ ಬಂದೆ. ಅಣ್ಣನೂ ಅದೇ ಕರಾರು ಹಾಕಿದ್ದ. ಲಾಸ್ ಏಂಜಲಿಸ್‌ ದಾಟುವ ಹೊತ್ತಿಗೆ ಅಪ್ಪ ಅದನ್ನು ಮುರಿದ.

ಬಾರ್ಬಡೋಸಿನ ಆ ಬೀಚ್ ಸುಂದರವಾಗಿತ್ತು. ವಿವರಿಸಲಾರೆ, ಸುಂದರ ಬೀಚುಗಳು ಒಂದನ್ನೊಂದು ನಕಲು ಮಾಡುತ್ತವೆ. ಅಪ್ಪ ಮೊದಲು ಇಳಿದ. ಇಳಿಯುವ ಮುನ್ನ ಕರಡಿಗೆಯನ್ನು ಬಿಚ್ಚಿ ಕೆಂಪು ಮಖಮಲ್ ಚೀಲದೊಳಗಿಟ್ಟು, ಚೀಲವನ್ನು ಬ್ಯಾಗಿನ ಹೊರ ಜೇಬಿಗೆ ತುರುಕಿದ. ನಿವೃತ್ತನಾದ ಮೇಲೆ ಅವನಿಗೆ ಭಕ್ತಿ ಹೆಚ್ಚಾಗಿತ್ತು. ಲಿಂಗಪೂಜೆಯಾಗದೆ ಬಾಯಿಗೆ ಒಂದು ತುತ್ತು ಹಾಕುತ್ತಿರಲಿಲ್ಲ. ಆದರೆ ಉಪ್ಪುನೀರಿನ ಲೆಕ್ಕ ಮಾತ್ರ ಹಳೆಯದೇ. ನಾವು ಇಳಿದುಕೊಂಡಿದ್ದ ವಿಲ್ಲಾದಲ್ಲಿ ಸಿಹಿನೀರಿನ ಸ್ನಾನ ಮಾಡಿ ಆಮೇಲೆ ಹಾಕಿಕೊಳ್ಳುತ್ತೇನೆ ಎಂದ.

ಅವನು ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಅವ್ವ ಟವೆಲ್ಲಿನಿಂದ ಎದ್ದಳು.

"ಇವತ್ತ ನಾ ನೀರಿಗೆ ಹೊಕ್ಕೇನಿ. ಸಾಮಾನು ನೀವ ಕಾಯ್ರಿ."

"ನೀನು? ನೀರಾಗ?" ಅಪ್ಪ ನಕ್ಕ. "ಲೇ ವಿರೂ, ನಿಮ್ಮವ್ವನ್ನ ಹಿಡಕೋಳೋ. ತೇಲಿ ಕ್ಯೂಬಾಕ್ಕ ಹೋದಾಳು."

"ಮಾಮ್, ಆರ್ ಯು ಶ್ಯೂರ್?" ಎಂದ ಅಣ್ಣ.

ಅವ್ವ ಚೂಡಿದಾರದ ದುಪಟ್ಟಾವನ್ನು ಮಡಚಿ ಟವೆಲ್ಲಿನ ಮೇಲಿಟ್ಟಳು. ಆಕೆಯ ಲಿಂಗ, ಬಿಳಿ ವಸ್ತ್ರದಲ್ಲಿ ಸುತ್ತಿದ್ದು, ಕೊರಳಲ್ಲೇ ಇತ್ತು. ನೀರಿಗಿಳಿದಳು, ಮೊಣಕಾಲು, ಸೊಂಟ, ಆಮೇಲೆ ಮುಳುಗಿದಳು. ಅಣ್ಣ ಕೂಗಿಕೊಂಡ. ಆಕೆ ನಮಗಿಂತ ಬಹಳ ಮುಂದೆ ಎದ್ದಳು, ಕೂದಲಿನ ನೀರು ಕೊಡವಿದಳು, ಉದ್ದುದ್ದ ಕೈ ಬೀಸುತ್ತ ಹೊರಟಳು.

"ಅವ್ವಾ! ವೇರ್ ಡಿಡ್ ಯು ಲರ್ನ್?"

"ಮುನವಳ್ಳ್ಯಾಗ. ಮಲಪ್ರಭಾ ಹೊಳ್ಯಾಗ. ತವರಮನಿ ಅಂತ ಒಂದು ಇತ್ತಲ್ಲ ನನಗ."

"ಯಾಕ ಹೇಳಿಲ್ಲ ನಮಗ?"

"ಯಾರ ಕೇಳಿದ್ರು?"

ದಂಡೆಯಲ್ಲಿ ಊರಿನ ಗಂಡಸರು ಟೆನ್ನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಅಪ್ಪ ಕೂತಲ್ಲಿಂದಲೇ ನೋಡಿದ. ಆಮೇಲೆ ನಿಂತು ನೋಡಿದ. ಆಮೇಲೆ ಯಾರೋ ಕೈಮಾಡಿ ಕರೆದಿರಬೇಕು. ನಾನು ತಿರುಗಿ ನೋಡಿದಾಗ ಅವನು ಅಂಪೈರಾಗಿ ನಿಂತು, ಇಡೀ ಜೀವಮಾನ ಕಾದು ಕೂತಿದ್ದವನ ಹಾಗೆ, ಬೆರಳೆತ್ತಿ ಒಬ್ಬನನ್ನು ಔಟ್ ಕೊಡುತ್ತಿದ್ದ. ಟವೆಲ್ಲಿನ ಹತ್ತಿರ ಅವ್ವ ಇದ್ದಳು. ನೀರಿನಿಂದ ಯಾವಾಗ ಎದ್ದಳೋ ತಿಳಿಯದು. ಬ್ಯಾಗಿನ ಮೇಲೆ ಬಗ್ಗಿದ್ದಳು. ಮುಖ ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಮತ್ತೆ ನೀರಿಗೆ ಬಂದಳು.

ಕೆಂಪು ಚೀಲ ಕಾಣೆಯಾದದ್ದು ಹೊರಡುವಾಗ ಗೊತ್ತಾಯಿತು. ಅಪ್ಪ ಬ್ಯಾಗನ್ನು ಬೋರಲು ಹಾಕಿದ. ಟವೆಲ್ಲುಗಳನ್ನು ಕೊಡವಿದ. ಮರಳಿನಲ್ಲಿ ಮೊಣಕಾಲೂರಿ ಎರಡೂ ಕೈಗಳಿಂದ ತೋಡಿದ. ಅವನ ಹೊಟ್ಟೆ ಜೋತಾಡುತ್ತಿತ್ತು, ಬಾಯಿ ತೆರೆದಿತ್ತು. ಕ್ರಿಕೆಟ್ ಆಡುತ್ತಿದ್ದವರೂ ಬಂದು ಹುಡುಕಿದರು, ಪಾಪ. ಅವ್ವ ಜಡೆ ಹಿಂಡಿಕೊಳ್ಳುತ್ತ ನಿಂತಿದ್ದಳು.

"ಎದ್ದು ಹೋಗಿದ್ರೇನು?" ಎಂದಳು.

ಅಪ್ಪ ತಲೆಯೆತ್ತಿ ನೋಡಿದ. ಆ ಮಾತಿನ ಗುರುತು ಅವನಿಗೆ ಹತ್ತಿತೋ ಇಲ್ಲವೋ, ಮತ್ತೆ ಮರಳು ತೋಡತೊಡಗಿದ.

ಆ ಸಂಜೆ ಊಟ ಮಾಡಲಿಲ್ಲ. ಮರುದಿನ ಬೆಳಗಿನ ತಿಂಡಿಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ನೀರು ಮಾತ್ರ. ಅಣ್ಣ ಇಂಗ್ಲಿಷಿನಲ್ಲಿ ವಾದಿಸಿದ, ಡಾಕ್ಟರನ್ನು ಕರೆಸುತ್ತೇನೆ ಎಂದ. "ಲಿಂಗ ಇಲ್ದ ಹೆಂಗ ಉಣ್ಣಲೋ?" ಎಂದು ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವ್ವ ಮಾತ್ರ ಎಂದೂ ಇಲ್ಲದ ಹಾಗೆ ಉಂಡಳು. ಬಾಳೆಕಾಯಿ ಕರಿದದ್ದು, ಕುಂಬಳದ ಪಲ್ಯ, ಮಾವಿನಹಣ್ಣು. ಅಪ್ಪನ ಮಂಚಕ್ಕೆ ಕಾಣುವ ಹಾಗೆ ಬಾಲ್ಕನಿಯಲ್ಲಿ ಕೂತು, ಗೊರಟವನ್ನು ಚೀಪುವ ಸದ್ದು ಕೇಳುವ ಹಾಗೆ. ನನಗೆ ಆಕೆಯನ್ನು ನೋಡಿ ಸ್ವಲ್ಪ ಹೆದರಿಕೆಯಾಯಿತು. ಇನ್ನಷ್ಟು ನೋಡಬೇಕು ಎಂದೂ ಅನಿಸಿತು.

ಅದರ ಮರುದಿನ ಬೆಳಿಗ್ಗೆ ಅಪ್ಪ ಬಾತ್‌ರೂಮಿಗೆ ಗೋಡೆ ಹಿಡಿದು ಹೋದ. ಅವ್ವ ಫೋನು ತಂದು ಊಟದ ಮೇಜಿನ ಮೇಲಿಟ್ಟಳು.

"ಧಾರವಾಡಕ್ಕ ಹಚ್ರಿ. ಸ್ವಾಮಿಗಳಿಗೆ ಕೇಳಬೇಕು ಏನ ಮಾಡಬೇಕಂತ. ಮೊದಲ ಅಕ್ಕಾರಿಗೆ ಹೇಳ್ರಿ."

"ನೀನ ಹೇಳು," ಎಂದ ಅಪ್ಪ.

"ಆಗ ನಾ ಹೇಳೀನಿ. ಈ ಸಲ ನಿಮ್ಮ ಪಾಳಿ."

ಅಣ್ಣ ಸ್ಪೀಕರ್ ಒತ್ತಿದ. ನಾವು ನಾಲ್ವರೂ ಮೇಜಿನ ಸುತ್ತ ಕೂತಿದ್ದೆವು. ಅವ್ವನ ಮುಂದೆ ಒಂದು ಮಾವಿನಹಣ್ಣು, ಚಾಕು.

"ಅಕ್ಕಾ," ಎಂದ ಅಪ್ಪ. "ಲಿಂಗ ಹೋತು."

ಆ ಕಡೆಯಿಂದ ಶ್ರೀದೇವಿ ಅತ್ತೆಯ ಉಸಿರು ಕೇಳಿತು. "ಶಿವಶಿವಾ! ಮತ್ತ ಹೋತಾ? ಮತ್ತ ಆಕೀನ ಕಳದ್ಲೇನೋ ಶಿವಪುತ್ರಾ?"

ಅಪ್ಪ ನನ್ನನ್ನು ನೋಡಿದ. ಅಣ್ಣನನ್ನು ನೋಡಿದ. ಅವನು ಟವೆಲ್ ಬಿಟ್ಟು ಎದ್ದು ಹೋದದ್ದನ್ನು, ಬೆರಳೆತ್ತಿ ಔಟ್ ಕೊಟ್ಟದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಅದು ಅವನಿಗೂ ಗೊತ್ತಿತ್ತು. ಎರಡು ದಿನದ ಹಸಿವು, ಅರವತ್ತು ವರ್ಷ ವಯಸ್ಸು, ಬೆಳೆದ ಮಕ್ಕಳು ಎದುರಿಗೆ. ಇಷ್ಟಿದ್ದೂ ಅವನ ಬಾಯಿ ತನಗೆ ರೂಢಿಯಾದ ದಾರಿಯಲ್ಲೇ ಹೋಯಿತು.

"ಹೂಂ," ಎಂದ. "ಆಕೀನ."

"ಡ್ಯಾಡ್!" ಎಂದ ಅಣ್ಣ.

"ಹುಟ್ಟಿದಾಗಿಂದ ಹಿಂಗ ಆಕಿ," ಅತ್ತೆ ಶುರು ಮಾಡಿದಳು. "ಅವ್ವ ಅವತ್ತ ಹೇಳಿದ್ಲು, ಇಂಥಾಕಿ ಕೈಯಾಗ..."

ಅವ್ವ ಚಾಕು ಕೆಳಗಿಟ್ಟಳು. ಕುಪ್ಪಸದ ಒಳಗೆ ಕೈಹಾಕಿ ಎರಡು ದಾರಗಳನ್ನು ಹೊರಗೆಳೆದಳು. ಒಂದರಲ್ಲಿ ಬಿಳಿ ವಸ್ತ್ರದ ಗಂಟು, ಆಕೆಯದು. ಇನ್ನೊಂದರಲ್ಲಿ ಬೆಳ್ಳಿಯ ಕರಡಿಗೆ.

"ಅಕ್ಕಾರ, ನಾ ಅನ್ನಪೂರ್ಣಾ," ಎಂದಳು ಫೋನಿಗೆ, ಮಾರುಕಟ್ಟೆಯಲ್ಲಿ ಸೊಪ್ಪಿನ ದರ ಹೇಳುವ ದನಿಯಲ್ಲಿ. "ನಿಮ್ಮ ತಮ್ಮನ ಲಿಂಗ ನನ್ನ ಕೊಳ್ಳಾಗ ಐತಿ. ಬೀಚಿನ್ಯಾಗ ಅವರು ಬಿಟ್ಟು ಹೋದ್ರು, ನಾ ತಗೊಂಡು ಇಟಗೊಂಡೀನಿ. ನನ್ನ ಪೂಜಿ ಜೋಡಿ ಅದಕ್ಕೂ ಪೂಜಿ ಆಗೇತಿ, ಒಂದ ದಿನಾನೂ ತಪ್ಪಿಲ್ಲ. ನಾ ಈಗೂ ಕಳದಿಲ್ಲ, ಆಗೂ ಕಳದಿಲ್ಲ."

ಅತ್ತೆ ಸುಮ್ಮನಾದಳು. ಆಕೆ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಕೈಚಾಚಿದ. ಅವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆಳೆದುಕೊಂಡಳು.

"ಹೇಳ್ರಿ. ಅಕ್ಕಾರು ಕೇಳಾಕತ್ತಾರ, ಮಕ್ಕಳೂ ಕೇಳಾಕತ್ತಾರ. ಅವತ್ತ ಮ್ಯಾನ್ಲ್ಯಾಗ ಬ್ಯಾಗ್ ಎಲ್ಲಿ ಬಿಟ್ಟಿದ್ರಿ?"

"ಯಾರ ಹೇಳಿದ್ರು ನಿನಗ?"

"ಎಲ್ಲಿ ಬಿಟ್ಟಿದ್ರಿ?"

ಅಪ್ಪ ಮೇಜನ್ನು ನೋಡುತ್ತ ಹೇಳಿದ. ಬಟ್ಟೆ ಬದಲಾಯಿಸುವ ರೂಮು, ಗೋಡೆಯ ಗೂಟ, ಮೂರ್ತಿಯ ಜೊತೆ ಓಡಿದ್ದು. ಮುಗಿಸಿ, "ಅವ್ವ ಬೈತಿದ್ಲು ನನಗ," ಎಂದ, ಸಣ್ಣ ಹುಡುಗನ ಹಾಗೆ. "ನನ್ನ ಲಿಂಗ ನಾನ ಕಳಕೊಂಡ್ನಿ ಅಂದಿದ್ರ ಆಕಿ ಜೀವಾನ ಬಿಡ್ತಿದ್ಲು, ಅನ್ನಪೂರ್ಣಾ."

"ಬಿಡ್ಲಿಲ್ಲಲ್ಲ. ನನ್ನ ನೀರು ಬಿಟ್ಲು." ಅವ್ವ ಕರಡಿಗೆ ಹಿಡಿದ ಮುಷ್ಟಿಯನ್ನು ಮೇಜಿನ ಮೇಲೆ ಊರಿದಳು. "ಇವರಿಗೆಲ್ಲಾ ಹೇಳಿದ್ರಿ, ಛಲೋ ಆತು. ನಿಮ್ಮವ್ವಗ ಯಾರ ಹೇಳಾವ್ರು? ಎಲ್ಲಿಗೆ ಫೋನ್ ಹಚ್ತೀರಿ?"

ಫೋನಿನೊಳಗಿಂದ ಶ್ರೀದೇವಿ ಅತ್ತೆ, "ಅನ್ನಪೂರ್ಣಾ, ಇಲ್ಲಿ ಕೇಳವಾ..." ಎಂದಳು. ಅವ್ವ ಬೆರಳಿನಿಂದ ಕರೆ ಕತ್ತರಿಸಿದಳು. ಕರಡಿಗೆಯನ್ನು ಮೇಜಿನ ಮೇಲೆ, ಅಪ್ಪನ ಕೈಗಲ್ಲ, ಅವನ ಮುಂದೆ ಇಟ್ಟಳು. ಆಮೇಲೆ ಮಾವಿನಹಣ್ಣಿನ ಉಳಿದ ಸಿಪ್ಪೆ ತೆಗೆದು ತಾನೇ ತಿಂದಳು.

ವಾಪಸು ಬಂದ ಮೇಲೆ ಅವ್ವ ಸಿಡ್ನಿಯಲ್ಲಿ ನಿಲ್ಲಲಿಲ್ಲ. ನನ್ನ ಜೊತೆ ಮೆಲ್ಬರ್ನಿನ ವಿಮಾನ ಹತ್ತಿದಳು. "ಅಪ್ಪಗ ಊಟ?" ಎಂದು ಅಣ್ಣ ಕೇಳಿದ್ದಕ್ಕೆ, "ಉಪವಾಸ ರೂಢಿ ಆಗೇತಲ್ಲ," ಎಂದಳು. ಕ್ಲೈಡ್ ನಾರ್ತ್‌ನಲ್ಲಿ ಈಗ ಆಕೆಗೆ ಗೆಳತಿಯರಿದ್ದಾರೆ. ವಾರಕ್ಕೊಮ್ಮೆ ನಾನು ಕಾರಿನಲ್ಲಿ ಫ್ರಾಂಕ್‌ಸ್ಟನ್ ಬೀಚಿಗೆ ಕರೆದೊಯ್ಯುತ್ತೇನೆ. ಶ್ರೀದೇವಿ ಅತ್ತೆ ಫೋನು ಮಾಡುತ್ತಾಳೆ. ಅವ್ವ ಪರದೆಯ ಮೇಲೆ ಹೆಸರು ನೋಡಿ, ರಿಂಗಾಗುವವರೆಗೆ ಆಗಲಿ ಎಂದು ಬಿಡುತ್ತಾಳೆ.

ಕಳೆದ ತಿಂಗಳು ಅಪ್ಪ ಬಂದ. ಕರೆದುಕೊಂಡು ಹೋಗಲು ಬಂದೆ ಎನ್ನುವ ಧೈರ್ಯ ಅವನಿಗಿರಲಿಲ್ಲ. ನಿನ್ನ ಮನೆ ನೋಡಲು ಬಂದೆ ಎಂದ. ಭಾನುವಾರ ಮೂವರೂ ಬೀಚಿಗೆ ಹೋದೆವು. ಗಾಳಿ ತಣ್ಣಗಿತ್ತು. ಅವ್ವ ದುಪಟ್ಟಾ ಮಡಚಿ ಟವೆಲ್ಲಿನ ಮೇಲಿಟ್ಟಳು. ಅಪ್ಪ ಯಾರೂ ಹೇಳದಿದ್ದರೂ ಹೋಗಿ ಅದರ ಪಕ್ಕದಲ್ಲಿ ಕೂತ.

"ಯಾವಾಗ ಬರ್ತಿ ಮನಿಗೆ?" ಎಂದು ಕೇಳಿಯೂ ಬಿಟ್ಟ, ನಮ್ಮ ಚಪ್ಪಲಿಗಳನ್ನು ಜೋಡಿಸುತ್ತ.

"ಮೊದಲ ಈಜಿ ಬರ್ತೇನಿ," ಎಂದಳು ಅವ್ವ. "ಎದ್ದು ಹೋಗಬ್ಯಾಡ್ರಿ ಮತ್ತ."

ಆಕೆ ಬಹಳ ಹೊತ್ತು ನೀರಿನಲ್ಲಿದ್ದಳು. ನನಗೆ ಚಳಿಯಾಗಿ ನಾನೇ ಮೊದಲು ಮೇಲೆ ಬಂದೆ. ಪಕ್ಕದಲ್ಲಿ ಒಂದು ಪಂಜಾಬಿ ಕುಟುಂಬ ಇಳಿದಿತ್ತು. ಆ ಮನೆಯ ಹೆಂಗಸು ತನ್ನ ಬ್ಯಾಗುಗಳನ್ನು ತಂದು ಅಪ್ಪನ ಮುಂದಿಟ್ಟು, "ಅಂಕಲ್‌ಜಿ, ಜರಾ ದೇಖ್ ಲೇನಾ" ಎಂದು ನೀರಿನ ಕಡೆ ಓಡಿದಳು.

ಅಪ್ಪ ತಲೆಯಾಡಿಸಿದ. ಒಂದು ಕೈಯಿಂದ ಆ ಬ್ಯಾಗುಗಳನ್ನು ಹತ್ತಿರಕ್ಕೆಳೆದುಕೊಂಡ. ಇನ್ನೊಂದು ಕೈ ಅಂಗಿಯ ಮೇಲಿಂದ ಕೊರಳಿನ ಕರಡಿಗೆಯನ್ನು ಹಿಡಿದಿತ್ತು. ಟವೆಲ್ಲಿನ ಮೇಲೆ ಅವ್ವನ ಫೋನು ರಿಂಗಾಗುತ್ತಿತ್ತು, ಪರದೆಯ ಮೇಲೆ ಅವನ ಅಕ್ಕನ ಹೆಸರು. ಅವನು ಅದನ್ನು ಮುಟ್ಟಲಿಲ್ಲ. ದೂರದಲ್ಲಿ ಅವ್ವ ದಂಡೆಗೆ ಬೆನ್ನು ಹಾಕಿ ಇನ್ನೂ ಆಳದ ಕಡೆಗೇ ಕೈ ಬೀಸುತ್ತಿದ್ದಳು.