ಬುಪಾತಿಯ ಬಂಗಾರದ ಕೊಡೆ

ನಮ್ಮಪ್ಪ ಪೊನಿಮನ್‌ನಷ್ಟು ನೆಟ್ಟಗಿನ ಕೈ ಇಡೀ ಜಾವಾದಲ್ಲೇ ಇಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಕರಂಗ್‌ಸಾರಿಯ ಬುಪಾತಿ, ಅಂದರೆ ಡಚ್ಚರು ನಮ್ಮ ತಲೆಯ ಮೇಲೆ ಕೂರಿಸಿದ್ದ ನಮ್ಮವನೇ ಆದ ದೊರೆ, ಎಲ್ಲಿಗೆ ಹೊರಟರೂ ಬಂಗಾರದ ಬಣ್ಣದ ದೊಡ್ಡ ಕೊಡೆ ಹಿಡಿಯುವವನು ಅಪ್ಪ. ಡಚ್ ಅಧಿಕಾರಿ ಬಂದರೆ ಕೊಡೆ ಆ ಬಿಳಿಯನ ಮೇಲೆ. ಹಿಡಿದವನ ತಲೆ ಮಾತ್ರ ಯಾವಾಗಲೂ ಬಿಸಿಲಿಗೆ. ನಮ್ಮಂಥವರು ಅದರ ನೆರಳು ತುಳಿಯುವಂತಿರಲಿಲ್ಲ.

ಅಮ್ಮ ಸಮಿಂತೆನ್ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಜಮು ಮಾರುತ್ತಿದ್ದಳು. ಅರಿಶಿನ, ಹುಣಸೆ ಕುದಿಸಿದ ಕಷಾಯ ಅದು. ನಾನು ಹೊಟ್ಟೆಯಲ್ಲಿದ್ದಾಗ ಒಂದು ಮಟಮಟ ಮಧ್ಯಾಹ್ನ, ದೊರೆಯ ಸವಾರಿ ಹೋಗುತ್ತಿರುವಾಗಲೇ, ಅವಳು ರಸ್ತೆ ಬದಿ ತಲೆ ಸುತ್ತಿ ಬಿದ್ದಳು. ಅಪ್ಪ ನೋಡಿದ. ಕೊಡೆ ಅಲುಗಲಿಲ್ಲ. ಮೀನು ಮಾರುವ ತುಮಿರಾ ಓಡಿ ಬಂದು ನೀರು ಕುಡಿಸಿದಳಂತೆ. ಈ ಕಥೆಯನ್ನು ಅಮ್ಮ ನಮಗೆ ಅನ್ನದ ಜೊತೆ ದಿನಾ ಬಡಿಸುತ್ತಿದ್ದಳು. "ನಿಮ್ಮಪ್ಪನ ಕೊಡೆ ಕಂಡೋರಿಗೆಲ್ಲ ನೆರಳು. ಕಟ್ಕೊಂಡೋಳಿಗೆ ಬಿಸಿಲು."

ಮಹಾಯುದ್ಧ ಬಂತು. ಜಪಾನಿಯರು ಬಂದರು, ಹೋದರು. ಬಾಲ ಮುದುರಿಕೊಂಡು ಓಡಿದ್ದ ಡಚ್ಚರು ಮಾನಗೆಟ್ಟು ಮತ್ತೆ ಬಂದು ನಾಲ್ಕು ವರ್ಷ ಗುಂಡು ಹಾರಿಸಿದರು. ಕೊನೆಗೊಂದು ಡಿಸೆಂಬರಿನಲ್ಲಿ ಅವರ ಬಾವುಟ ಇಳಿದು ನಮ್ಮ ಕೆಂಪು ಬಿಳುಪಿನದು ಏರಿತು. ಬುಪಾತಿ ಡಚ್ಚರ ಜೀಪಿನಲ್ಲೇ ಪರಾರಿ. ಪಾಪ, ಕೊಡೆಗೆ ಜೀಪಿನಲ್ಲಿ ಜಾಗ ಸಾಲಲಿಲ್ಲ!

ಮರುದಿನ ಬೆಳಗ್ಗೆ ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ರೀ, ಆ ಕೊಡೆ ಎತ್ಕೊಂಡ್ ಬನ್ನಿ. ಇವತ್ತು ನಾನು ಪೇಟೆಗೆ ಹೋಗೋದು ಅದರ ಕೆಳಗೇ."

ಅಪ್ಪನ ಮುಖ ಬಿಳಿಚಿಕೊಂಡಿತು. "ಹುಚ್ಚೇನೇ ನಿಂಗೆ? ಅವರು ವಾಪಸ್ ಬಂದ್ರೆ?"

"ಒಂದ್ಸಲ ಬಂದಿದ್ದಾಯ್ತಲ್ಲ, ಇನ್ನೆಷ್ಟು ಸಲ ಬರ್ತಾರೆ? ನೋಡಿ, ಇವತ್ತು ಹಿಡೀಲಿಲ್ವೋ, ನಾನು ನನ್ ತಂಗಿ ಮನೆಗೆ ಹೊರಟೆ. ನಿಮಗೆ ಅನ್ನಾನೂ ಆ ಕೊಡೇನೇ ಬೇಯಿಸಿ ಹಾಕಲಿ."

ತಮಾಷೆಯಲ್ಲ. ಬಟ್ಟೆಯ ಗಂಟು ಆಗಲೇ ಬಾಗಿಲಲ್ಲಿತ್ತು. ಅಪ್ಪ ಹೊರಗೆ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಅಮ್ಮ ಬುಟ್ಟಿ ಬೆನ್ನಿಗೇರಿಸಿ, ಗಂಟು ಕೈಗೆತ್ತಿಕೊಂಡು ಹೊರಟೇಬಿಟ್ಟಳು. ನಾನು ಅಳುತ್ತಾ ಹಿಂದೆ ಓಡಿದೆ.

ಬೀದಿಯ ತಿರುವಿನಲ್ಲಿ ಅಪ್ಪ ನಿಂತಿದ್ದ. ಕೊಡೆ ಬಿಚ್ಚಿತ್ತು. ಆ ನೆಟ್ಟಗಿನ ಕೈಯಲ್ಲಿ ಅದು ಮೊದಲ ಸಲ ಅಲುಗುತ್ತಿತ್ತು. ಅಮ್ಮ ಗಂಟನ್ನು ನನ್ನ ತಲೆಯ ಮೇಲಿಟ್ಟು, ಏನೂ ಆಗೇ ಇಲ್ಲವೆಂಬಂತೆ ಕೊಡೆಯ ಕೆಳಗೆ ನಡೆದಳು. ಅಬ್ಬಾ, ಏನು ಠೀವಿ!

ಪೇಟೆಯ ಬಾಯಲ್ಲಿ ಬುಪಾತಿಯ ಹಳೆ ಮೇಸ್ತ್ರಿ ಹಾರ್ಜೊ ಕಿರುಚಿದ: "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ!"

"ಅರ್ಧರಾತ್ರಿ ಎಲ್ಲೋ ಹಾರ್ಜೊ? ಕಣ್ ಬಿಟ್ ನೋಡು, ಬೆಳಗಾಗಿದೆ!" ಎಂದಳು ಅಮ್ಮ.

ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಕ್ಕಿತು. ಯಾರೋ ಬಾಣಲೆ ಬಡಿದರು, ಯಾರೋ ಕುಣಿದರು, ನಮ್ಮ ಹಿಂದೆ ಮೆರವಣಿಗೆಯೇ ಆಯಿತು. ಅಷ್ಟರಲ್ಲಿ ಧೋ ಎಂದು ಮಳೆ. ಬಿಸಿಲಿಗೆಂದೇ ಮಾಡಿದ ಕೊಡೆ ಅದು. ಬಂಗಾರದ ಬಣ್ಣ ಕರಗಿ ಅಮ್ಮನ ಹಣೆ, ಮೂಗು, ಕೆನ್ನೆಯ ಮೇಲೆಲ್ಲ ಇಳಿಯಿತು.

"ಅಯ್ಯೋ, ಮುಚ್ಚಲೇನೇ?" ಎಂದ ಅಪ್ಪ.

"ಹಿಡೀರಿ ಸುಮ್ನೆ!" ಎಂದು ತಿರುಗಿ ನೋಡಿದಳು. ಅಪ್ಪ ಅಭ್ಯಾಸದಂತೆ ಕೈ ಚಾಚಿಕೊಂಡು ಹಿಂದೆಯೇ ನಿಂತು ತೊಪ್ಪೆಯಾಗಿದ್ದ. "ಅಲ್ಯಾಕ್ರೀ ನೆನೀತಿದ್ದೀರಿ? ಒಳಗೆ ಬನ್ನಿ."

"ಹಿಡಿಯೋನು ಒಳಗೆ ಬರೋ ಹಾಗಿಲ್ಲ ಕಣೆ."

"ಯಾರಂದ್ರು?"

ಹಾಗಂದವರು ಜೀಪು ಹತ್ತಿ ಹೋಗಿಯಾಗಿತ್ತು. ಅಪ್ಪ ಮೆಲ್ಲಗೆ ಒಳಗೆ ಬಂದು ಅಮ್ಮನ ಪಕ್ಕ ನಿಂತ. "ಅವತ್ತು ನೀನು ಬಿದ್ದಾಗ…" ಎಂದು ಶುರುಮಾಡಿದ.

"ಗೊತ್ತು. ನಡೀರಿ," ಎಂದಳು ಅಮ್ಮ, ಕೊಡೆಯ ಕೋಲಿಗೆ ತನ್ನ ಕೈಯನ್ನೂ ಸೇರಿಸಿ.

ಅವತ್ತು ಅಮ್ಮ ಜಮು ಮಾರಲಿಲ್ಲ, ಎಲ್ಲರಿಗೂ ಪುಕ್ಕಟೆ ಕುಡಿಸಿದಳು. ಮೊದಲ ಬಟ್ಟಲು ಮೀನಿನ ತುಮಿರಾಗೆ. ಆ ಬಿಸಿಲಿನ ಕಥೆಯನ್ನು ಆಮೇಲೆ ಅವಳು ಒಮ್ಮೆಯೂ ಎತ್ತಲಿಲ್ಲ. ಅನ್ನದ ಜೊತೆ ನಮಗೆ ದಿನಾ ಬಡಿಸಿದ್ದು ಈ ಮಳೆಯ ಕಥೆಯನ್ನೇ.