ಓಟಿಗೆ ಓಟು ವಜಾ

ಇಬ್ಬರೂ ಓಟು ಹಾಕುವುದು ಬೇಡ ಎಂಬ ಬುದ್ಧಿ ಮೊದಲು ಹೊಳೆದದ್ದು ಸೋಮಯ್ಯನಿಗೇ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವನು ಊರಲ್ಲೆಲ್ಲ ಬೇರೆ ಥರ ಹೇಳಿಕೊಂಡು ತಿರುಗಿದ.

ಮಡಿಕೇರಿಯ ಕೌನ್ಸಿಲಿಗೆ ಚುನಾವಣೆ ಬಂದಿತ್ತು. ಆಳುವವರು ಬಿಳಿಯರೇ, ಓಟು ಮಾತ್ರ ಕಂದಾಯ ಕಟ್ಟುವ ನಮ್ಮವರದ್ದು. ಕೊಡ್ಲಿಪೇಟೆಯಿಂದ ಎರಡು ಹರಿದಾರಿ ಒಳಗಿದ್ದ ಆ ಹಳ್ಳಿಯಲ್ಲಿ ಓಟಿದ್ದದ್ದು ಇಬ್ಬರಿಗೆ, ಸೋಮಯ್ಯನಿಗೆ ಮತ್ತು ಮೇಲಿನ ಗದ್ದೆಯ ಬೋಜಪ್ಪನಿಗೆ. ಸೋಮಯ್ಯ ಖಾದಿ ತೊಟ್ಟ ವಕೀಲರ ಕಡೆ. ಅಂಥವರು ಗೆದ್ದರೆ ನಮ್ಮ ಮಾತು ದಿಲ್ಲಿಯವರೆಗೂ ಮುಟ್ಟುತ್ತದೆ ಎಂದು ಸಂತೆಯಲ್ಲಿ ಯಾರೋ ಭಾಷಣ ಮಾಡಿದ್ದನ್ನು ಕೇಳಿ ಬಂದಿದ್ದ. ಬೋಜಪ್ಪ ಕಾಫಿ ತೋಟದ ಸಾಹುಕಾರರ ಕಡೆ. ಕಷ್ಟಕಾಲದಲ್ಲಿ ಅವರ ತೋಟದಲ್ಲಿ ಕೂಲಿ ಸಿಕ್ಕಿತ್ತು ಎಂಬುದೊಂದೇ ಅವನ ಕಾರಣ.

"ನೋಡು ಬೋಜಣ್ಣ," ಎಂದಿದ್ದ ಸೋಮಯ್ಯ, ಗದ್ದೆಯ ಬದುವಿನ ಮೇಲೆ ಕೂತು. "ನೀನೊಂದು ಆ ಕಡೆ ಹಾಕ್ತೀಯ, ನಾನೊಂದು ಈ ಕಡೆ ಹಾಕ್ತೀನಿ. ಓಟಿಗೆ ಓಟು ವಜಾ. ಅದಕ್ಕೋಸ್ಕರ ಒಂದಿಡೀ ದಿನ ಹಾಳು ಮಾಡ್ಕೊಂಡು ಕೊಡ್ಲಿಪೇಟೆಗೆ ಎಂತಕ್ಕೆ ನಡೀಬೇಕು? ಇಬ್ರೂ ಮನೇಲಿದ್ರೂ ಲೆಕ್ಕ ಅಷ್ಟೇ ಅಲ್ವಾ."

ಬೋಜಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಲಿಲ್ಲ. "ಆಯ್ತು ಬಿಡು. ನಾ ಹಾಕಲ್ಲ."

ಬೋಜಪ್ಪ ಅಂದರೆ ಅಂದಂತೆ. ಸೋಮಯ್ಯನ ಅನ್ನವೇ ಅದರ ಮೇಲೆ ನಿಂತಿತ್ತು. ತೊರೆಯ ಕಾಲುವೆ ಬೋಜಪ್ಪನ ಗದ್ದೆಯ ತಲೆಯಲ್ಲಿ ಎರಡಾಗುತ್ತಿತ್ತು. ಒಂದು ದಿನ ನೀರು ಅವನಿಗೆ, ಮಾರನೇ ದಿನ ಇವನಿಗೆ. ಮಣ್ಣು ಕಡಿದು ನೀರು ತಿರುಗಿಸುವವನು ಎರಡು ದಿನವೂ ಬೋಜಪ್ಪನೇ. ಕಾವಲಿಲ್ಲ, ಕರಾರಿಲ್ಲ. ಸೋಮಯ್ಯ ಅಲ್ಲಿಗೆ ಹೋಗಿ ನೋಡಿದವನೂ ಅಲ್ಲ. ಆ ವರ್ಷ ಮಳೆ ಬೇಗ ಕೈಕೊಟ್ಟಿತ್ತು, ಭತ್ತ ಹೊಡೆಯಾಗಿ ತೆನೆ ಬಿಡುವ ಹೊತ್ತು. ಬೋಜಪ್ಪ ಮನಸ್ಸು ಮುರಿದುಕೊಂಡರೆ ಸೋಮಯ್ಯ ಬರೀ ಜೊಳ್ಳು ತೂರಬೇಕಾಗಿತ್ತು.

ಇಷ್ಟಿದ್ದೂ ಸಂಶಯ ಹುಟ್ಟಿತು. ಅಷ್ಟು ಬೇಗ ಯಾಕೆ ಒಪ್ಪಿದ? ಒಂದು ಮಾತು ಎದುರಾಡಬೇಡವೆ? ಓಟಿನ ಹಿಂದಿನ ದಿನ ಬೋಜಪ್ಪನ ಜಗಲಿಯಲ್ಲಿ ಕ್ಷೌರಿಕ ಕೂತಿದ್ದ. ಬೇಲಿಯ ಮೇಲೆ ಒಗೆದ ಕರಿ ಕೋಟು ಒಣಗುತ್ತಿತ್ತು. ಗದ್ದೆಯ ಕೆಸರಿಗೆ ಯಾರು ಗಡ್ಡ ಹೆರೆಸಿಕೊಂಡು ಕೋಟು ತೊಟ್ಟು ಇಳಿಯುತ್ತಾರೆ? ಅವತ್ತು ಸಂಜೆ ಬೋಜಪ್ಪ ಬೇಲಿಯ ಹತ್ತಿರ ಬಂದು ಕೂಗಿದಾಗ ಸೋಮಯ್ಯ ಒಳಕೋಣೆಯಲ್ಲಿ ಕೂತು ಉಸಿರೆತ್ತಲಿಲ್ಲ. ತನ್ನ ಮುಖ ನೋಡಿದರೆ ಮನಸ್ಸಿನಲ್ಲಿದ್ದದ್ದು ಗೊತ್ತಾಗಿಬಿಡುತ್ತದೆಂದು ಅವನ ಹೆದರಿಕೆ.

"ಅವ್ರು ಅಂಥವ್ರಲ್ಲ," ಎಂದಳು ಹೆಂಡತಿ ಶಿವಮ್ಮ. "ನಿಮ್ ಮಾತಿನ ಮೇಲೆ ನಿಮಗೇ ನಂಬಿಕೆ ಇಲ್ಲ, ಅದಕ್ಕೆ ಅವ್ರದ್ದೂ ಸುಳ್ಳು ಅನ್ಸ್ತದೆ."

"ನಿನಗೇನು ಗೊತ್ತು, ಸುಮ್ನಿರು," ಎಂದು ಅವನು ಅವಳ ಬಾಯಿ ಮುಚ್ಚಿಸಿದ.

ಬೆಳಗಾಗುತ್ತಲೇ ಕರು ಹುಡುಕುವ ನೆವ ಹೇಳಿ ಕಾಡಿನ ಒಳದಾರಿ ಹಿಡಿದ. ಓಟು ಹಾಕುವುದಕ್ಕಲ್ಲ, ಅವನು ಬರುತ್ತಾನೋ ಇಲ್ಲವೋ ನೋಡುವುದಕ್ಕೆ ಎಂದು ದಾರಿಯುದ್ದಕ್ಕೂ ತನಗೇ ಸಮಾಧಾನ ಹೇಳಿಕೊಂಡ. ಕರು ಹುಡುಕಲು ಹೊರಟವನು ಮಡಿ ಪಂಚೆ ಉಟ್ಟದ್ದು ಯಾಕೆ ಎಂದು ಕೇಳಬಾರದು.

ಕೊಡ್ಲಿಪೇಟೆಯ ಶಾಲೆಯಲ್ಲಿ ಓಟು. ಎದುರಿನ ಕಾಫಿ ಹೋಟೆಲಿನ ಮೂಲೆಯಲ್ಲಿ ಕೂತು ಸೋಮಯ್ಯ ಲೋಟದ ಮೇಲೆ ಲೋಟ ಕಾಫಿ ಕುಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೋಜಪ್ಪ ಬಂದೇ ಬಂದ. ನುಣ್ಣಗಿನ ಗಲ್ಲ, ಕರಿ ಕೋಟು, ಕಂಕುಳಲ್ಲಿ ಛತ್ರಿ. ಸೋಮಯ್ಯನಿಗೆ ಒಳಗೊಳಗೇ ಒಂದು ಖುಷಿ. ನಾನು ಅಂದುಕೊಂಡದ್ದೇ ಸರಿ!

ಆದರೆ ಬೋಜಪ್ಪ ಒಳಗೆ ಹೋಗಲಿಲ್ಲ. ಶಾಲೆಯ ಮುಂದಿನ ಹಲಸಿನ ಮರದ ಕೆಳಗೆ ಕೂತ. ಜನ ಕರಗಲಿ ಎಂದು ಕಾಯುತ್ತಿದ್ದಾನೆ, ಕಳ್ಳ. ಬಾಗಿಲು ಹಾಕುವ ಹೊತ್ತಿಗೆ ನುಗ್ಗಿ ಹಾಕಿಬಿಟ್ಟರೆ? ಆಗ ತನ್ನ ಓಟು ಮನೆಯಲ್ಲಿ, ಅವನದ್ದು ಪೆಟ್ಟಿಗೆಯಲ್ಲಿ. ಸೋಮಯ್ಯನಿಗೆ ಕೂರಲಾಗಲಿಲ್ಲ. ಹಿತ್ತಲ ಕಡೆಯಿಂದ ಸುತ್ತಿ ಶಾಲೆಯೊಳಗೆ ಹೊಕ್ಕ. ಗುಮಾಸ್ತ ಹೆಸರು ಕೇಳಿದ, ತಂದೆಯ ಹೆಸರು ಕೇಳಿದ, ಚೀಟಿ ಕೊಟ್ಟ. ವಕೀಲರ ಹೆಸರಿನ ಎದುರು ಗುರುತು ಹಾಕಿದ. ಚೀಟಿಯನ್ನು ಪೆಟ್ಟಿಗೆಗೆ ಇಳಿಸಿದ.

ಹೊರಗೆ ಬಂದರೆ ಶನಿವಾರಸಂತೆಯ ಬಸ್ಸು ಬಂದು ನಿಂತಿತ್ತು. ಬೋಜಪ್ಪ ಮರದಡಿಯಿಂದ ಎದ್ದು, ಬಸ್ಸಿಳಿದ ವಯಸ್ಸಾದ ಗಂಡಹೆಂಡಿರಿಗೆ ಕೈಮುಗಿದು, ಅವರ ಗಂಟು ಇಸಿದುಕೊಳ್ಳುತ್ತಿದ್ದ. ಅಷ್ಟರಲ್ಲಿ ಸೋಮಯ್ಯನನ್ನು ಕಂಡ.

"ಬೀಗ್ರು ಬಂದ್ರು. ಮಗಳ ಮದ್ವೆ ಮಾತಿಗೆ," ಎಂದ. "ಹೇಳೋಣ ಅಂತ ನಿನ್ನೆ ಕೂಗ್ದೆ, ನೀ ಓಗೊಡ್ಲಿಲ್ಲ." ಆಮೇಲೆ ಅವನ ಕಣ್ಣು ಶಾಲೆಯ ಬಾಗಿಲಿಗೆ ಹೋಯಿತು, ಅಲ್ಲಿಂದ ಸೋಮಯ್ಯನ ಮಡಿ ಪಂಚೆಗೆ ಬಂತು.

ಸೋಮಯ್ಯನಿಗೆ ನಾಚಿಕೆಯಾಯಿತು. "ಬಾಗ್ಲು ಇನ್ನೂ ತೆಗೆದೇ ಅದೆ, ಬೋಜಣ್ಣ. ನೀನೂ ಹಾಕ್ಬಾ. ನಿಮ್ ಸಾಹುಕಾರ್ರಿಗೇ ಹಾಕು. ಆಗ ಸರಿಹೋಗ್ತದೆ." ಅವನ ಕೈ ಹಿಡಿದು ಎಳೆದ. ಪಕ್ಕದಲ್ಲಿ ನಿಂತಿದ್ದ ವಕೀಲರ ಕಡೆಯ ಹುಡುಗರು, ತಮ್ಮವನೇ ಸಾಹುಕಾರರಿಗೆ ಓಟು ಬೇಡುವುದನ್ನು ಕಂಡು ಮುಖಮುಖ ನೋಡಿಕೊಂಡರು.

"ಹಾಕಲ್ಲ ಅಂದಿದ್ನಲ್ಲ," ಎಂದ ಬೋಜಪ್ಪ. ಕೈ ಬಿಡಿಸಿಕೊಂಡು ಬೀಗರ ಗಂಟು ಹೆಗಲಿಗೇರಿಸಿ ಹೊರಟುಹೋದ.

ಮಾರನೇ ದಿನ ಸೋಮಯ್ಯನ ಸರದಿ. ನೀರು ಬರುವುದಿಲ್ಲವೆಂದೇ ಎಣಿಸಿದ್ದ. ಬಂತು, ಬದು ಮುಟ್ಟುವಷ್ಟು. ಇವತ್ತು ತೋರಿಕೆಗೆ ಬಿಟ್ಟಿದ್ದಾನೆ, ಮುಂದಿನ ಸಲ ನೋಡು ಎಂದುಕೊಂಡ. ಮುಂದಿನ ಸಲವೂ ಬಂತು. ತನ್ನ ಸರದಿ ಬಂದಾಗಲೆಲ್ಲ ಕಾಲುವೆಯ ಹತ್ತಿರ ಪೊದೆಯ ಮರೆಯಲ್ಲಿ ನಿಂತು ನೋಡತೊಡಗಿದ. ಕಡಿಮೆಯಾದರೆ ಜಗಳವಾಡಿ ಹಗುರಾಗಬಹುದಿತ್ತು. ನೀರು ಮಾತ್ರ ಒಂದಿನಿತೂ ಕಡಿಮೆಯಾಗಲಿಲ್ಲ, ಅವನಿಗೆ ಊಟ ಸೇರದಂತಾಯಿತು.

ಈ ನಡುವೆ ಅವನು ದೇವರಿಗೆ ಹರಸಿಕೊಂಡದ್ದು ವಿಚಿತ್ರ. ವಕೀಲರು ಸೋಲಲಿ, ಇಲ್ಲ ಭಾರಿಯಾಗಿ ಗೆಲ್ಲಲಿ. ಒಂದೇ ಒಂದು ಓಟಿನಿಂದ ಮಾತ್ರ ಗೆಲ್ಲುವುದು ಬೇಡ, ತಂದೇ.

ವಕೀಲರು ಭಾರಿಯಾಗಿಯೇ ಗೆದ್ದರು. ಸುದ್ದಿ ಕೇಳಿದ ಸೋಮಯ್ಯ ಗದ್ದೆಯ ಬದುವಿನ ಮೇಲೆ ಓಡಿದ. ಬೋಜಪ್ಪ ಮಣ್ಣು ಕಡಿದು ನೀರನ್ನು ಇವನ ಗದ್ದೆಯ ಕಡೆಗೇ ತಿರುಗಿಸುತ್ತಿದ್ದ.

"ಬೋಜಣ್ಣ, ನೂರಾರು ಓಟಿನ ಗೆಲುವಂತೆ," ಎಂದ ಏದುಸಿರು ಬಿಡುತ್ತ. "ನಾ ಹಾಕ್ದಿದ್ರೂ ಗೆಲ್ತಿದ್ರು. ನನ್ ಒಂದ್ ಓಟಿಂದ ಏನೂ ಆಗ್ಲಿಲ್ಲ ನೋಡು."

ಬೋಜಪ್ಪ ಗುದ್ದಲಿಯ ಕೆಸರನ್ನು ಹುಲ್ಲಿಗೆ ಒರೆಸಿದ.

"ಏನೂ ಆಗದಿರೋದಕ್ಕೆ ಮಾತು ಕೆಡಿಸ್ದೆಯಾ, ಸೋಮಯ್ಯ?"

ಬೋಜಪ್ಪ ದನಿ ಏರಿಸದೆ ಮುಂದುವರಿಸಿದ: "ನೀ ಪೊದೆ ಹಿಂದೆ ನಿಲ್ಲೋದು ನಂಗೆ ಕಾಣ್ತದೆ. ಅಲ್ಲಿ ನಿಲ್ಬೇಡ. ಇನ್ಮೇಲೆ ನಿನ್ ಸರದಿಗೆ ನೀನೇ ಬಂದು ನೀರು ತಿರುಗಿಸ್ಕೋ. ನನ್ ಸರದಿಗೆ ನಾ ಇಲ್ಲಿ ಕೂತಿರ್ತೀನಿ."

ಮಾರನೇ ದಿನ ಬೋಜಪ್ಪನ ಸರದಿ. ಬೆಳಿಗ್ಗೆಯೇ ಅವನು ಕಂಬಳಿ ಹಾಸಿಕೊಂಡು ಕಾಲುವೆ ಎರಡಾಗುವಲ್ಲಿ ಕೂತ. ಕೆಲಸವೇನೂ ಇರಲಿಲ್ಲ. ತನ್ನ ಗದ್ದೆಯ ನೀರನ್ನು ಸೋಮಯ್ಯ ಕದಿಯದಂತೆ ಕಾಯುತ್ತಿದ್ದ.