ಹದಿನೇಳನೇ ಮೆಟ್ಟಿಲು

ನನ್ನ ಗೇಮಿನಲ್ಲಿ ಹದಿನೇಳನೇ ಮೆಟ್ಟಿಲು ಯಾರನ್ನೂ ದಾಟಗೊಡುವುದಿಲ್ಲ. ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ಹೆಂಗಸು ಜಿಗಿದು ಜಿಗಿದು ಅಲ್ಲಿಗೆ ಬಂದರೆ ಸಾಕು, ಮೆಟ್ಟಿಲು ಕುಸಿಯುತ್ತದೆ, ಅವಳು ಸೀದಾ ಕೆಳಕ್ಕೆ ಬೀಳುತ್ತಾಳೆ. ಮತ್ತೆ ಒಂದನೇ ಮೆಟ್ಟಿಲಿನಿಂದ ಶುರು. ಅಲ್ಲಿ ಗೋಡೆಯ ಮೇಲೊಂದು ಬೋರ್ಡು: 'ಪೆಟ್ಟಿಗೆ ಕೆಳಗಿಡಬಾರದು.'

ಆ ಬೋರ್ಡು ನನ್ನ ಕಲ್ಪನೆಯದಲ್ಲ. ನಾನೂ ಅಕ್ಕನೂ ದುಡಿಯುವ ಗೋದಾಮಿನಲ್ಲಿ ಕೆಂಪು ಅಕ್ಷರದಲ್ಲೇ ಇದೆ. ನಲವತ್ತೆರಡು ಮೆಟ್ಟಿಲು. ಪಕ್ಕದಲ್ಲೇ ಲಿಫ್ಟ್ ಇದೆ. ಅದಕ್ಕೆ ಬೀಗ, ಬೀಗದ ಕೈ ಮೇಲ್ವಿಚಾರಕನ ಸೊಂಟದಲ್ಲಿ. ಒಂಬತ್ತು ವರ್ಷ ಹತ್ತಿ ಇಳಿದ ಅಕ್ಕನ ಮಂಡಿ ಅವಳಿಗಿಂತ ಮೊದಲೇ ಮುದಿಯಾಗಿದೆ.

ರಜೆಯ ದಿನಗಳಲ್ಲಿ ಕೂತು ಕಟ್ಟಿದ ಈ ಗೇಮನ್ನು ಆನ್‌ಲೈನ್ ಬಳಗವೊಂದರಲ್ಲಿ ಹಾಕಿದೆ. ತಾವೇ ಗೇಮ್ ಮಾಡುವವರು, ಆಡುವವರು ಸೇರುವ ಜಾಗ. ಅಲ್ಲಿನ ಕಟ್ಟುಪಾಡು ಒಂದೇ: ಮಾಡಿದವರನ್ನು ಬಿಟ್ಟು ಇನ್ನೊಬ್ಬರಾದರೂ ಏಳು ದಿನದೊಳಗೆ ಮುಗಿಸಬೇಕು. ಇಲ್ಲದಿದ್ದರೆ ಗೇಮ್ ಕಿತ್ತುಹಾಕುತ್ತಾರೆ.

ಮೂರನೇ ದಿನಕ್ಕೆ ಬೈಗುಳದ ಸುರಿಮಳೆ.

“ಇದು ಗೇಮಾ, ಇಲ್ಲಾ ಯಾರ ಮೇಲಿನ ಸಿಟ್ಟೋ ನಮ್ಮ ಮೇಲೆ ತೀರಿಸ್ಕೊಳ್ತಿದ್ದೀಯಾ?” ಮುಂಗೋಪಿ ಎಂಬ ಅಡ್ಡಹೆಸರಿನವನು ಬರೆದ. “ನಾನೂರು ಸಲ ಬಿದ್ದೆ ಕಣಮ್ಮಾ! ಕೀಬೋರ್ಡ್ ಮುರಿದೋಯ್ತು.”

“ಮುರಿದಿದ್ದು ಕೀಬೋರ್ಡ್ ತಾನೆ? ಮಂಡಿ ಅಲ್ವಲ್ಲ,” ಎಂದು ಉತ್ತರ ಕೊಟ್ಟೆ.

ಬಳಗ ನಡೆಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಅವರು ಮೆತ್ತಗೆ ಬರೆದರು: “ಹತ್ತನೇ ಮೆಟ್ಟಿಲಿಂದ ಮತ್ತೆ ಶುರು ಆಗೋ ಹಾಗಾದ್ರೂ ಮಾಡಮ್ಮ. ಇಲ್ಲಾಂದ್ರೆ ಭಾನುವಾರ ಸಂಜೆ ಐದಕ್ಕೆ ತೆಗೀತೀನಿ.”

“ಮಾಡಲ್ಲ ಮೇಷ್ಟ್ರೇ. ಮುಗಿಸೋ ದಾರಿ ಇದೆ, ಹುಡುಕ್ಲಿ.”

ಅಕ್ಕ ಮಂಡಿಗೆ ಬಿಸಿನೀರಿನ ಬಾಟಲಿ ಒತ್ತಿಕೊಂಡು ಗೊಣಗಿದಳು. “ಹಠಮಾರಿ ಕಣೇ ನೀನು. ಹೇಳ್ಬಿಟ್ರೆ ನಿನ್ ಗಂಟೇನು ಹೋಗುತ್ತೆ?”

“ಹೇಳಿದ್ರೆ ಅದೂ ಒಂದು ಅಪ್ಪಣೆ ಆಗುತ್ತೆ.”

“ನಂಗಾದ್ರೂ ಹೇಳೇ.”

“ನಿಂಗಂತೂ ಹೇಳಲ್ಲ.”

ಯಾರಾದರೂ ಒಬ್ಬರು ಹುಡುಕಿಯೇ ಹುಡುಕುತ್ತಾರೆಂದು ನನಗೆ ಗೊತ್ತಿತ್ತು. ಗೇಮುಗಳಲ್ಲಿ ಗೋಡೆ ತೂರುವ, ಸಿಂಹಾಸನ ಉರುಳಿಸುವ ಶೂರರು ಇವರು. ಇಂಥವರನ್ನು ಒಂದು ಬೋರ್ಡು ಆರು ದಿನ ಕಟ್ಟಿಹಾಕಿತ್ತು! ನಗುವ ಹಕ್ಕು ನನಗೂ ಇರಲಿಲ್ಲ ಅನ್ನಿ. ಗೋದಾಮಿನಲ್ಲಿ ನಾನೂ ಒಂದು ದಿನವಾದರೂ ಪೆಟ್ಟಿಗೆ ಇಳಿಸಿದವಳಲ್ಲ.

ಭಾನುವಾರ ನಾಲ್ಕೂವರೆಗೆ ಬಳಗದ ನರ್ಸಮ್ಮ ಬರೆದಳು: “ಈಗಷ್ಟೇ ಆಸ್ಪತ್ರೆಯಿಂದ ಬಂದು ಆಡ್ತಿದ್ದೆ. ಹದಿನಾರನೇ ಮೆಟ್ಟಿಲಲ್ಲಿ ನಿಂತೆ. ದಿನವಿಡೀ ರೋಗಿಗಳನ್ನ ಎತ್ತಿ ನನ್ ಸೊಂಟ ಬಿದ್ದೋಗಿದೆ, ಇವಳಿಗೂ ನೋಯಲ್ವಾ ಅನ್ನಿಸ್ತು. ಕೀಬೋರ್ಡಲ್ಲಿ ಕೆಳಗಿನ ಬಾಣ ಒತ್ತಿದೆ. ಪೆಟ್ಟಿಗೆ ಇಳಿಸಿಬಿಟ್ಳು ಕಣ್ರೀ! ಬರಿಗೈಲಿ ಹತ್ತಿದ್ರೆ ಹದಿನೇಳು ಅಲ್ಲಾಡ್ಲೂ ಇಲ್ಲ. ಮೇಲೆ ಲಿಫ್ಟ್ ಖಾಲಿ ನಿಂತಿದೆ. ಅದನ್ನ ಹದಿನಾರಕ್ಕೆ ಇಳಿಸಿ, ಪೆಟ್ಟಿಗೆ ಅದರಲ್ಲಿ ಹಾಕ್ಕೊಂಡು ಮೇಲೆ ಹೋದೆ. ಮುಗೀತು.”

“ಇಡಬಾರದು ಅಂತ ಬರೆದಿತ್ತಲ್ರೀ!” ಮುಂಗೋಪಿ ಕಿರುಚಿದ.

“ಇಟ್ರೆ ಏನಾಗುತ್ತೆ ಅಂತ ಬರೆದಿರ್ಲಿಲ್ಲಪ್ಪ.”

“ಗೇಮ್ ಉಳೀತು,” ಎಂದರು ಮೇಷ್ಟ್ರು. “ನಾನೂ ಇನ್ನೂರು ಸಲ ಬಿದ್ದಿದ್ದೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿತ್ತು.”

ನನ್ನ ಹೆಗಲ ಮೇಲಿಂದ ಎಲ್ಲವನ್ನೂ ಓದಿದ ಅಕ್ಕ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ತಾನೇ ಕೂತು, ಎಂಟು ಸಲ ಬಿದ್ದು, ಹದಿನಾರಕ್ಕೆ ಬಂದಳು. ಕೆಳಗಿನ ಬಾಣದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದು ಆಮೇಲೆ ಒತ್ತಿದಳು.

ಸೋಮವಾರ ಬೆಳಿಗ್ಗೆ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಅವಳು ಮುಂದೆ, ನಾನು ಹಿಂದೆ, ನಮ್ಮ ಹಿಂದೆ ಹನ್ನೊಂದು ಜನ. ಹದಿನಾರನೇ ಮೆಟ್ಟಿಲಲ್ಲಿ ಅಕ್ಕ ಪೆಟ್ಟಿಗೆ ಇಳಿಸಿದಳು. ನಾನೂ ಇಳಿಸಿದೆ. ಹಿಂದಿನಿಂದ ದಬ್, ದಬ್ ಎಂದು ಹನ್ನೊಂದೂ ಇಳಿದವು.

ಮೇಲ್ವಿಚಾರಕ ಮೇಲಿನಿಂದ ಬಗ್ಗಿ ಅರಚಿದ. “ಏಯ್, ಬೋರ್ಡ್ ಓದಕ್ಕೆ ಬರಲ್ವಾ?”

“ಒಂಬತ್ತು ವರ್ಷ ಓದಿದೀನಿ ಸ್ವಾಮಿ, ಬಾಯಿಪಾಠ ಆಗಿದೆ,” ಎಂದಳು ಅಕ್ಕ. “ಬೀಗದ ಕೈ ಎಸೀರಿ.”

ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.